ಓದುಗರ ಪ್ರಶ್ನೆ: ವಿಮಾನದ ಮಾಡೆಲ್ 1:400 ತಗೊಳ್ಳಲೋ, 1:200 ತಗೊಳ್ಳಲೋ?

ಪ್ರಶ್ನೆ: "ಸರ್, ವಿಮಾನದ ಡೈ-ಕಾಸ್ಟ್ ಮಾಡೆಲ್ ಕೂಡಿಸಬೇಕಂತ ಆಸೆ ಅದ. ಕೆಲವ್ರು 1:400 ತಗೋ ಅಂತಾರ, ಕೆಲವ್ರು 1:200 ಇಲ್ದಿದ್ರ ಮಜಾನೇ ಇಲ್ಲ ಅಂತಾರ. ಕಂಪನಿಗಳೂ ಹತ್ತಾರು ಅವ. ಯಾವ್ದು ತಗೊಂಡ್ರ ಛಲೋ? ನಮ್ಮ ಕಡಿ ಬಿಸಿಲು, ಧೂಳಿನಾಗ ಅವು ಬಾಳಿಕಿ ಬರ್ತಾವೇನು?" (ಕಲಬುರಗಿಯ ಓದುಗರೊಬ್ಬರು)

ಉತ್ತರ: 1:400ರಿಂದ, ಅಂದರೆ ನಿಜವಾದ ವಿಮಾನದ ನಾನೂರನೇ ಒಂದು ಪಾಲಿನ ಅಳತೆಯಿಂದ, ಶುರು ಮಾಡಿ. ಡೈ-ಕಾಸ್ಟ್ ಎಂದರೆ ಲೋಹ ಕರಗಿಸಿ ಅಚ್ಚಿನಲ್ಲಿ ಎರೆದದ್ದು, ಹಾಗಾಗಿ ಕಂಪನಿಯ ಹೆಸರಿಗಿಂತ ಮೊದಲು ಆ ವಿಮಾನದ ಅಚ್ಚು ಹೇಗಿದೆ ಎಂದು ನೋಡಿ. ಬಾಳಿಕೆಯ ಚಿಂತೆ ಬೇಡ, ಬಿಸಿಲು ನೇರವಾಗಿ ಬೀಳದಂತೆ ಇಟ್ಟರೆ ನಮ್ಮ ಕಡೆಯ ಒಣ ಹವೆ ಇವಕ್ಕೆ ಕರಾವಳಿಯ ಹವೆಗಿಂತ ಎಷ್ಟೋ ಮೇಲು.

ಸ್ಕೇಲ್ ಲೆಕ್ಕಕ್ಕೆ ಒಂದು ಸುಲಭದ ದಾರಿ ಇದೆ. ನಿಜವಾದ ವಿಮಾನದ ಉದ್ದ ಎಷ್ಟು ಮೀಟರೋ ಅದನ್ನು 4ರಿಂದ ಭಾಗಿಸಿದರೆ 1:400ರ ಮಾಡೆಲ್ ಎಷ್ಟು ಸೆಂಟಿಮೀಟರ್ ಎಂದು ಸಿಗುತ್ತದೆ. 1:200ಕ್ಕೆ 2ರಿಂದ, 1:500ಕ್ಕೆ 5ರಿಂದ ಭಾಗಿಸಿ. 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ಶುರುವಾದಾಗ ಬಂದಿಳಿದ ಸ್ಟಾರ್ ಏರ್‌ನ ಎಂಬ್ರೇಯರ್ 145 ಸುಮಾರು 29.9 ಮೀಟರ್ ಉದ್ದದ್ದು. ಅದು 1:400ರಲ್ಲಿ 7.5 ಸೆಂ.ಮೀ., 1:200ರಲ್ಲಿ 15 ಸೆಂ.ಮೀ. ಆಗುತ್ತದೆ. ಬೀದರಿಗೆ 2020ರ ಫೆಬ್ರವರಿಯಲ್ಲಿ ಮೊದಲು ಬಂದ ಎಟಿಆರ್ 72 ಇನ್ನೂ ಸಣ್ಣದು: 1:400ರಲ್ಲಿ 6.8 ಸೆಂ.ಮೀ., ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಇಂಥ ಸಣ್ಣ ವಿಮಾನಗಳ ಮೇಲೇ ಮನಸ್ಸಿದ್ದರೆ ಮಾತ್ರ 1:200ರ ವಾದಕ್ಕೆ ಬಲ ಬರುತ್ತದೆ.

ದೊಡ್ಡ ವಿಮಾನಕ್ಕೆ ಬಂದರೆ ಕಥೆಯೇ ಬೇರೆ. ಬೋಯಿಂಗ್ 777-300ಇಆರ್ ಉದ್ದ 73.9 ಮೀಟರ್, ರೆಕ್ಕೆಯ ಹರವು 64.8 ಮೀಟರ್. 1:200ರಲ್ಲಿ ಅದು 37 ಸೆಂ.ಮೀ. ಉದ್ದ, 32.4 ಸೆಂ.ಮೀ. ಅಗಲ. ನಮ್ಮ ಮನೆಗಳಲ್ಲಿ ಗೋಡೆಗೆ ಕೂಡಿಸಿದ ಶಹಾಬಾದ್ ಕಲ್ಲಿನ ಶೆಲ್ಫ್ ಒಂದು ಅಡಿ, ಅಂದರೆ 30 ಸೆಂ.ಮೀ. ಆಳ ಇದ್ದರೆ ಅದನ್ನು ಹೇಗೆ ತಿರುಗಿಸಿಟ್ಟರೂ ಮೂತಿಯೋ ರೆಕ್ಕೆಯೋ ಹೊರಗೆ ಚಾಚುತ್ತದೆ. ಓಡಾಡುವವರ ಮೊಣಕೈ ತಾಗಿ ಬೀಳುವುದು ಹೀಗೆ ಚಾಚಿದ ತುದಿಯೇ. ಅದೇ ಶೆಲ್ಫ್ ಮೂರು ಅಡಿ ಉದ್ದ ಇದ್ದರೆ 1:400ರ ಐದು 777ಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಅದಕ್ಕಿಂತ ಸಣ್ಣದಾದ ಏರ್‌ಬಸ್ ಎ320 ಆದರೆ ಒಂಬತ್ತು. ಸ್ಕೇಲ್ ಹಿಗ್ಗಿದಾಗ ಉದ್ದ ಎರಡರಷ್ಟಾದರೂ ಅದು ತಿನ್ನುವ ಜಾಗ ನಾಲ್ಕರಷ್ಟು ಎಂಬುದನ್ನು ಹೊಸಬರು ಮರೆಯುತ್ತಾರೆ. ಕೊಳ್ಳುವ ಮುಂಚೆ ಟೇಪ್ ಹಿಡಿದು ಶೆಲ್ಫಿನ ಆಳ ಅಳೆದುಕೊಳ್ಳಿ.

ಆಟಿಕೆ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ "16 ಸೆಂ.ಮೀ. ಅಲಾಯ್" ವಿಮಾನಗಳನ್ನು ಇವುಗಳ ಜೊತೆ ಸೇರಿಸಬೇಡಿ. ಅವುಗಳಲ್ಲಿ ಎ380 ಕೂಡ 16 ಸೆಂ.ಮೀ., ಎ320 ಕೂಡ 16 ಸೆಂ.ಮೀ. ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 1:450, ಎರಡನೆಯದು 1:235. ಪಕ್ಕಪಕ್ಕ ಇಟ್ಟರೆ ಅಪ್ಪ ಮಗ ಒಂದೇ ಎತ್ತರ! ಮಗುವಿನ ಕೈಗೆ ಕೊಡಲು ಅಡ್ಡಿಯಿಲ್ಲ, ಸಂಗ್ರಹಕ್ಕೆ ಅಲ್ಲ.

ಈಗ ಕಂಪನಿಗಳು. ಜರ್ಮನಿಯ ಹೆರ್ಪಾ 1:500ಕ್ಕೂ 1:200ಕ್ಕೂ ಹೆಸರಾದದ್ದು. ಅಮೆರಿಕದ ಲಾಸ್ ವೇಗಸ್‌ನ ಜೆಮಿನಿ ಜೆಟ್ಸ್, ಅದರ ಜೊತೆಗೆ ಎನ್‌ಜಿ ಮಾಡೆಲ್ಸ್, ಜೆಸಿ ವಿಂಗ್ಸ್, ಫೀನಿಕ್ಸ್, ಪಾಂಡಾ ಮಾಡೆಲ್ಸ್ 1:400ರಲ್ಲಿ ಮತ್ತೆ ಮತ್ತೆ ಕೇಳುವ ಹೆಸರುಗಳು. ಹಳೆಯ ಕಾಲದ ವಿಮಾನ ಬೇಕಿದ್ದವರು ಏರೋಕ್ಲಾಸಿಕ್ಸ್ ಹುಡುಕುತ್ತಾರೆ. 1:200ರ ಲೋಹದ ಮಾಡೆಲ್‌ಗೆ ಇನ್‌ಫ್ಲೈಟ್200 ಇದೆ. ಹೋಗನ್, ಸ್ಕೈಮಾರ್ಕ್ಸ್ ಕೂಡ 1:200ರಲ್ಲಿ ಸಿಗುತ್ತವೆ, ಆದರೆ ಅವು ಒತ್ತಿ ಜೋಡಿಸುವ ಪ್ಲಾಸ್ಟಿಕ್ಕಿನವು. ತಪ್ಪೇನಿಲ್ಲ, ಬೆಲೆಯೂ ಕಡಿಮೆ. ಡೈ-ಕಾಸ್ಟ್ ಎಂದು ತಿಳಿದು ಕೊಂಡರೆ ಮಾತ್ರ ಮೋಸ ಹೋದಂತೆ. ಡಬ್ಬಿಯ ಮೇಲೆ "ಡೈ-ಕಾಸ್ಟ್" ಎಂದಿದೆಯೇ, "ಸ್ನ್ಯಾಪ್-ಫಿಟ್" ಎಂದಿದೆಯೇ ಓದಿ.

"ಇದರಲ್ಲಿ ಯಾವುದು ಒಳ್ಳೆಯದು" ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಕೊಟ್ಟರೆ ಅದು ತಪ್ಪಾಗುತ್ತದೆ. ಒಂದೇ ಕಂಪನಿಯ 787 ಕಣ್ಣು ತುಂಬುವಂತಿರಬಹುದು, ಅದರದೇ 737ರ ಮೂತಿ ಮೊಂಡಾಗಿರಬಹುದು. ಉಕ್ಕಿನ ಅಚ್ಚು ಕೊರೆಯಲು ಖರ್ಚು ಬಹಳ, ಹಾಗಾಗಿ ಒಮ್ಮೆ ಕೊರೆದ ಅಚ್ಚಿನಲ್ಲೇ ವರ್ಷಗಟ್ಟಲೆ ಹತ್ತಾರು ಏರ್‌ಲೈನಿನ ಬಣ್ಣ ಬಳಿದು ಮಾರುತ್ತಾರೆ. ಜೆಮಿನಿ ಮತ್ತು ಜೆಸಿ ವಿಂಗ್ಸ್‌ನ ಎಷ್ಟೋ ಮಾಡೆಲ್‌ಗಳು ಒಂದೇ ಅಚ್ಚಿನಿಂದ ಬಂದವು. ಅಚ್ಚನ್ನು ಅಳೆಯಲು ಪಕ್ಕದಿಂದ ತೆಗೆದ ಒಂದು ಫೋಟೊ, ಎದುರಿನಿಂದ ತೆಗೆದ ಒಂದು ಫೋಟೊ ಸಾಕು. ಪಕ್ಕದ ಫೋಟೊದಲ್ಲಿ ರೆಕ್ಕೆ ಒಡಲಿಗೆ ಸೇರುವ ಜಾಗ ನೋಡಿ. ಹಳೆಯ ಅಚ್ಚುಗಳಲ್ಲಿ ಎರಡೂ ರೆಕ್ಕೆ ಹೊಟ್ಟೆಯ ಭಾಗದೊಡನೆ ಒಂದೇ ತುಂಡು. ಅದರ ಮೇಲೆ ತೊಟ್ಟಿಲಲ್ಲಿ ಮಲಗಿಸಿದಂತೆ ಒಡಲು ಕೂಡಿಸಿರುತ್ತಾರೆ, ಸುತ್ತ ಒಂದು ಬಿರುಕುಗೆರೆ ಎದ್ದು ಕಾಣುತ್ತದೆ. ಹೊಸ ಅಚ್ಚುಗಳಲ್ಲಿ ರೆಕ್ಕೆ ಒಡಲೊಳಗಿನ ಸೀಳಿಗೆ ಹೊಗುತ್ತದೆ, ಗೆರೆ ಅಷ್ಟಾಗಿ ಕಾಣುವುದಿಲ್ಲ. ಎದುರಿನ ಫೋಟೊದಲ್ಲಿ ಎರಡೂ ರೆಕ್ಕೆ ಒಂದೇ ಕೋನದಲ್ಲಿ ಎದ್ದಿವೆಯೇ, ಎಂಜಿನ್‌ಗಳು ನೆಟ್ಟಗೆ ಮುಂದೆ ನೋಡುತ್ತವೆಯೇ ಎಂಬುದು ಗೊತ್ತಾಗುತ್ತದೆ.

ಆಮೇಲೆ ಬಾಲದ ಹತ್ತಿರ ಅಚ್ಚಾಗಿರುವ ನೋಂದಣಿ ಸಂಖ್ಯೆ ಓದಿ. ಭಾರತದ್ದಾದರೆ "ವಿಟಿ" ಎಂದು ಶುರುವಾಗುತ್ತದೆ. ಆ ಸಂಖ್ಯೆ ಹಾಕಿ ಹುಡುಕಿದರೆ ಅದೇ ವಿಮಾನದ ನಿಜ ಫೋಟೊ ಸಿಗುತ್ತದೆ, ಎರಡನ್ನೂ ಹೋಲಿಸಿ. ಎ320ನಿಯೋ ಕೆಲವಕ್ಕೆ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್, ಕೆಲವಕ್ಕೆ ಸಿಎಫ್‌ಎಂ ಲೀಪ್. ಎರಡರ ಹೊರಕವಚದ ಆಕಾರ ಬೇರೆ. ರೆಕ್ಕೆ ತುದಿಯ ಶಾರ್ಕ್‌ಲೆಟ್ (ಮೇಲಕ್ಕೆ ಬಾಗಿದ ರೆಕ್ಕೆಯ ತುದಿ) ನಿಜದಲ್ಲಿ 2.4 ಮೀಟರ್ ಎತ್ತರ, 1:400ರಲ್ಲಿ ಆರೇ ಮಿ.ಮೀ.; ಬಾಗಿದ್ದರೆ, ಮುರಿದಿದ್ದರೆ ತಪ್ಪಿಹೋಗುವಷ್ಟು ಸಣ್ಣದು, ಹಿಗ್ಗಿಸಿ ನೋಡಿ.

ಬಣ್ಣದ ಕೆಲಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಏರ್ ಇಂಡಿಯಾದ ಹಳೆಯ 747ಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. 1971ರಲ್ಲಿ ಬಂದ ಆ ಜಂಬೋಗಳ ಪ್ರತಿ ಕಿಟಕಿಯ ಸುತ್ತ ರಾಜಸ್ಥಾನದ ಅರಮನೆ ಕಿಟಕಿಯಂಥ ಕೆಂಪು ಝರೋಕಾ ಕಮಾನು ಬರೆದಿತ್ತು. 1:400ರಲ್ಲಿ ನಿಜದ 40 ಸೆಂ.ಮೀ. ಅಂದರೆ ಒಂದು ಮಿಲಿಮೀಟರ್. ಅಷ್ಟರಲ್ಲಿ ಕಮಾನಿನ ಬಾಗು ಮೂಡಬೇಕು. ಇದನ್ನು ಟ್ಯಾಂಪೊ ಎನ್ನುವ ರೀತಿಯಲ್ಲಿ ಅಚ್ಚೊತ್ತುತ್ತಾರೆ: ಕೊರೆದ ತಗಡಿನಿಂದ ಮೆತ್ತನೆಯ ಸಿಲಿಕೋನ್ ಪ್ಯಾಡ್ ಶಾಯಿ ಎತ್ತಿಕೊಂಡು ದುಂಡನೆಯ ಒಡಲ ಮೇಲೆ ಒತ್ತುತ್ತದೆ. ಬಣ್ಣಕ್ಕೊಂದು ಒತ್ತು. ಒಂದು ಒತ್ತು ಕೂದಲೆಳೆಯಷ್ಟು ಜರುಗಿದರೂ ಕಮಾನು ಒಂದು ಕಡೆ, ಕಿಟಕಿ ಒಂದು ಕಡೆ. ಇಂಥದ್ದನ್ನು ಫೋಟೊ ನೋಡದೆ ಕೊಳ್ಳಲೇಬೇಡಿ.

ಬಾಳಿಕೆಯ ಮಾತು. ಈ ಮಾಡೆಲ್‌ಗಳ ಲೋಹ ಝಮಾಕ್: ಸತುವಿಗೆ ಸುಮಾರು ಶೇ. 4 ಅಲ್ಯೂಮಿನಿಯಂ, ಜೊತೆಗೆ ಚೂರು ಮೆಗ್ನೀಸಿಯಂ, ತಾಮ್ರ. ನಮ್ಮ ಬಿದ್ರಿಯದೂ ಸತು ತಾಮ್ರದ ಎರಕವೇ, ಹಾಗಾಗಿ ಈ ಲೋಹದ ಸ್ವಭಾವ ಬೀದರಿನವರಿಗೆ ಹೊಸದಲ್ಲ. ಕೋಟೆಯ ಮಣ್ಣಿನ ಲವಣ ತಾಗಿದೊಡನೆ ಸತು ಕಪ್ಪಾಗುತ್ತದೆ, ಅದರಲ್ಲಿ ಕೂಡಿಸಿದ ಬೆಳ್ಳಿ ಹಾಗೇ ಹೊಳೆಯುತ್ತದೆ. ಬಿದ್ರಿಯ ಅಂದವೇ ಅದು. ವಿಮಾನದ ಮಾಡೆಲ್‌ಗೆ ಮಾತ್ರ ಇದೇ ಗುಣ ಕುತ್ತು. ಬಣ್ಣ ಚಕ್ಕೆ ಎದ್ದ ಕಡೆ ಬೆವರುಗೈ ತಾಗಿದರೆ ಲೋಹ ಮಂಕಾಗುತ್ತದೆ. ಕೈ ತೊಳೆದು ಒರೆಸಿಕೊಂಡು ಎತ್ತಿ, ಎತ್ತುವಾಗ ಒಡಲನ್ನೇ ಹಿಡಿಯಿರಿ. ರೆಕ್ಕೆ, ಗಾಲಿ ಹಿಡಿದು ಎತ್ತಬೇಡಿ.

ಇದಕ್ಕಿಂತ ದೊಡ್ಡ ರೋಗವೂ ಒಂದಿದೆ, ಸತುವಿನ ಹುಳುಕು ಅನ್ನಬಹುದು. ಎರಕದ ಸತುವಿನಲ್ಲಿ ಸೀಸದ ಕಲ್ಮಶ ಸೇರಿದ್ದರೆ ವರ್ಷಗಳ ಮೇಲೆ ಲೋಹ ಒಳಗಿಂದ ಉಬ್ಬಿ ಸೀಳುತ್ತದೆ. ಮೊದಲು ಬಣ್ಣದಡಿ ಸಣ್ಣ ಗುಳ್ಳೆ, ಆಮೇಲೆ ಕೂದಲೆಳೆಯ ಬಿರುಕು, ಕೊನೆಗೆ ರೆಕ್ಕೆ ಸೊಟ್ಟ. ಮದ್ದಿಲ್ಲ. ಪಕ್ಕದ ಮಾಡೆಲ್‌ಗೆ ಅಂಟುವುದೂ ಇಲ್ಲ, ಅದೊಂದು ಸುಳ್ಳು ಭಯ. ತೇವ ಮತ್ತು ಸೆಕೆ ಎರಡೂ ಕೂಡಿದರೆ ಇದು ಬೇಗ ಹಬ್ಬುತ್ತದೆ. ನಮ್ಮಲ್ಲಿ ಮಳೆಗಾಲದ ಕೆಲವು ತಿಂಗಳು ಬಿಟ್ಟರೆ ತೇವ ಕಡಿಮೆ. ಆ ತಿಂಗಳುಗಳಲ್ಲಿ ಗಾಜಿನ ಕಪಾಟಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಮೂರು ಇಡಿ.

ಬೇಸಿಗೆಯಲ್ಲಿ 42 ಡಿಗ್ರಿ ಬಂದರೂ ಲೋಹಕ್ಕೆ ಏನಾಗದು. ಕೆಡುವುದು ಅಂಟು, ಟೈರು, ಬಣ್ಣ. ಪಡುವಣ ಗೋಡೆಯ ಕಲ್ಲಿನ ಶೆಲ್ಫ್ ಮಧ್ಯಾಹ್ನವೆಲ್ಲ ಕಾದು ರಾತ್ರಿಯವರೆಗೂ ಬಿಸಿ ಬಿಡುತ್ತದೆ, ಅಲ್ಲಿ ಬೇಡ. ಕಿಟಕಿ ಬಿಸಿಲಿಗೆ ಕೆಂಪು ಬಣ್ಣ ಬೇಗ ಸೋಲುತ್ತದೆ, ಬಿಳಿ ಹಳದಿಗೆ ತಿರುಗುತ್ತದೆ. ತೊಗರಿ ರಾಶಿಯ ಕಾಲದ ಧೂಳಿಗೆ ಗಾಜಿನ ಬಾಗಿಲೇ ಉಪಾಯ. ಕೂತ ಧೂಳನ್ನು ಕ್ಯಾಮೆರಾ ಬ್ಲೋವರ್‌ನಿಂದ ಊದಿ, ಉಳಿದದ್ದಕ್ಕೆ ಮೆತ್ತನೆಯ ಮೇಕಪ್ ಬ್ರಷ್ ಆಡಿಸಿ. ಬಟ್ಟೆ ಹಾಕಿ ಉಜ್ಜಿದರೆ ಮಣ್ಣಿನ ಕಣ ಗೀರುತ್ತದೆ, ಆಂಟೆನಾ ಎಳೆಗೆ ಸಿಕ್ಕಿ ಕಿತ್ತು ಬರುತ್ತದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರ ತರಬೇಡಿ, ಅಚ್ಚೊತ್ತಿದ ಅಕ್ಷರ ಅಳಿಸಿಹೋಗುತ್ತದೆ.

ಹೊರದೇಶದಿಂದ ನೇರ ತರಿಸುವ ಮುಂಚೆ ಸುಂಕ ಸೇರಿಸಿ ಬೆಲೆ ಲೆಕ್ಕ ಹಾಕಿ. 2023ರ ಬಜೆಟ್ಟಿನಲ್ಲಿ ಆಟಿಕೆಗಳ ಮೂಲ ಸುಂಕ ಶೇ. 60ರಿಂದ 70ಕ್ಕೆ ಏರಿತು, ಸ್ಕೇಲ್ ಮಾಡೆಲ್ ಕೂಡ ಅದೇ ಶೀರ್ಷಿಕೆಯಡಿ ಬರುತ್ತದೆ. ದೇಶದೊಳಗಿನ ಮಾರಾಟಗಾರರಿಂದ ಕೊಂಡರೆ ಈ ತಲೆನೋವಿಲ್ಲ. ಪಾರ್ಸೆಲ್ ಬಂದಾಗ ಅಂಟುಪಟ್ಟಿ ಕತ್ತರಿಸುವುದರಿಂದ ಹಿಡಿದು ಪೂರ್ತಿ ವಿಡಿಯೊ ಮಾಡಿ. ಮಾಡೆಲನ್ನು ಗಾಜಿನ ಮೇಲೆ ನಿಲ್ಲಿಸಿ ನೋಡಿ. ಮೂತಿಯ ಗಾಲಿ ಎದ್ದಿದ್ದರೆ, ಒಂದು ಪಕ್ಕಕ್ಕೆ ವಾಲಿದರೆ ಲ್ಯಾಂಡಿಂಗ್ ಗೇರ್ ಸರಿಯಾಗಿ ಕೂತಿಲ್ಲ.

ಆಂಟೆನಾ ಬಿದ್ದಿದ್ದರೆ ತಕ್ಷಣ ಸೂಪರ್ ಗ್ಲೂ ಹಚ್ಚಲು ಹೋಗಬೇಡಿ. ಅದರ ಆವಿ ಸುತ್ತಲ ಬಣ್ಣದ ಮೇಲೆ ಬಿಳಿ ಮಂಜಿನಂತೆ ಕೂತು ಬಿಡುತ್ತದೆ. ಮಕ್ಕಳ ಶಾಲೆಯ ಬಿಳಿ ಅಂಟನ್ನೇ ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿಗಿಂತ ಕಡಿಮೆ ತಗೊಂಡು ಹಚ್ಚಿ, ಚಿಮಟಿಗೆಯಲ್ಲಿ ಕೂಡಿಸಿ, ರಾತ್ರಿಯೆಲ್ಲ ಅಲುಗಾಡಿಸದೆ ಬಿಡಿ. ಕಿತ್ತುಬಂದ ಎಂಜಿನ್ ಲೋಹದ್ದಾದರೆ ಭಾರಕ್ಕೆ ಬಿಳಿ ಅಂಟು ತಡೆಯದು. ಅದಕ್ಕೆ ಎರಡು ಟ್ಯೂಬಿನ ಎಪಾಕ್ಸಿ ಬೇಕು, ಅದು ಗಟ್ಟಿಯಾಗುವ ತನಕ ವಿಮಾನವನ್ನು ಬೆನ್ನ ಮೇಲೆ ಮಲಗಿಸಿ, ಬಾಲ ತಾಗದಂತೆ ಎರಡೂ ಬದಿಗೆ ಮಡಿಚಿದ ಬಟ್ಟೆ ಇಡಿ.