ನಕಲಿ ಬ್ಯಾಂಕ್ ಗ್ಯಾರಂಟಿ: ‘ಹೌದು’ ಎಂದವರು ಯಾರು?

2023ರಲ್ಲಿ ಮಧ್ಯಪ್ರದೇಶ ಜಲ ನಿಗಮದ ಮೂರು ಕಾಮಗಾರಿಗಳನ್ನು ಇಂದೋರಿನ ಕಂಪನಿಯೊಂದು ಹಿಡಿಯಿತು. ಒಟ್ಟು ಮೊತ್ತ 974 ಕೋಟಿ ರೂಪಾಯಿ. ಭದ್ರತೆಗೆಂದು ಕೊಟ್ಟದ್ದು 183.21 ಕೋಟಿಯ 8 ಬ್ಯಾಂಕ್ ಗ್ಯಾರಂಟಿ. ಎಂಟೂ ನಕಲಿ. ನಿಗಮದವರು ವಿಚಾರಿಸಿಯೇ ಇರಲಿಲ್ಲ ಎಂದುಕೊಳ್ಳಬೇಡಿ. ಪರಿಶೀಲನೆ ನಡೆದಿತ್ತು, ಇವು ಸರಿಯಾಗಿವೆ ಎಂಬ ಇಮೇಲ್ ಉತ್ತರವೂ ಬಂದಿತ್ತು. ಆದರೆ ಆ ಉತ್ತರವೇ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವೇಷ ತೊಟ್ಟು ಬಂದದ್ದು ಎಂದು 2025ರಲ್ಲಿ ಸಿಬಿಐ ಹೇಳಿತು.

ಈ ದಂಧೆಯ ತಿರುಳು ಇಲ್ಲಿದೆ. ಲೆಟರ್‌ಹೆಡ್, ಸೀಲು, ಸಹಿ ಮಾಡಿಕೊಡುವುದು ಯಾವುದೇ ಒಳ್ಳೆಯ ಮುದ್ರಣದಂಗಡಿಗೂ ಸಾಧ್ಯ. ಮೋಸಗಾರರು ನಿಜವಾಗಿ ಮಾರುವುದು ಕಾಗದವನ್ನಲ್ಲ, ಆ ಕಾಗದದ ಬಗ್ಗೆ ಕೇಳಿದಾಗ ಬರುವ ಉತ್ತರವನ್ನು.

ಬ್ಯಾಂಕ್ ಗ್ಯಾರಂಟಿ ಎಂದರೆ ಜಾಮೀನು. ಗುತ್ತಿಗೆದಾರ ಕೈಕೊಟ್ಟರೆ ಇಷ್ಟು ಹಣ ನಾನು ಕೊಡುತ್ತೇನೆ ಎಂದು ಬ್ಯಾಂಕು ಇಲಾಖೆಗೆ ಬರೆದುಕೊಡುತ್ತದೆ. 1872ರ ಕರಾರು ಕಾಯ್ದೆಯ 126ನೇ ಕಲಮು ಇದರ ಬೇರು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಟೆಂಡರ್ ಹಾಕುವಾಗ ಇಡುವ ಭದ್ರತಾ ಠೇವಣಿ, ಅಂದರೆ ಇಎಂಡಿಯೇ ಅಂದಾಜು ಮೌಲ್ಯದ ಶೇ 2ರಿಂದ 5. ಕೆಲಸ ಸಿಕ್ಕ ಮೇಲೆ ಪರ್ಫಾರ್ಮೆನ್ಸ್ ಗ್ಯಾರಂಟಿ, ಮುಂಗಡ ಪಡೆದರೆ ಅದಕ್ಕೆ ಮತ್ತೊಂದು.

ನಕಲಿಗೆ ಗಿರಾಕಿ ಯಾಕೆ ಸಿಗುತ್ತಾರೆ? ಲೆಕ್ಕ ಹಾಕಿ. 10 ಲಕ್ಷದ ಗ್ಯಾರಂಟಿಗೆ ಬ್ಯಾಂಕು ಶೇ 25 ಮಾರ್ಜಿನ್ ಕೇಳಿತು ಎನ್ನೋಣ: ಎರಡೂವರೆ ಲಕ್ಷದ ಎಫ್‌ಡಿ ಅಡವು. ಕಮಿಷನ್ ವರ್ಷಕ್ಕೆ ಶೇ 2 ಆದರೆ 20,000, ಅದರ ಮೇಲೆ ಶೇ 18 ಜಿಎಸ್‌ಟಿ 3,600. ಒಟ್ಟು ಖರ್ಚು 23,600. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಬ್ಯಾಂಕು ಮೊದಲೇ ಮಂಜೂರು ಮಾಡಿದ ಲಿಮಿಟ್ ಇಲ್ಲದ ಹೊಸಬರಿಗೆ ಪೂರ್ತಿ 10 ಲಕ್ಷದ ಎಫ್‌ಡಿಯನ್ನೇ ಇಡಬೇಕಾಗಬಹುದು. ದಲ್ಲಾಳಿ ಬಂದು, ‘ಮಾರ್ಜಿನ್ ಬೇಡ, ಅಡವು ಬೇಡ, ಶೇ 8 ಕೊಡಿ, ಮೂರು ದಿನದಲ್ಲಿ ಕೈಗೆ’ ಎನ್ನುತ್ತಾನೆ. 80,000 ಹೋದರೂ ಬಂಡವಾಳ ಉಳಿಯಿತಲ್ಲ ಎಂದು ಗುತ್ತಿಗೆದಾರ ಒಪ್ಪುತ್ತಾನೆ. ಅವನ ಆಸ್ತಿಪಾಸ್ತಿ, ಲೆಕ್ಕಪತ್ರ ಯಾವುದನ್ನೂ ನೋಡದೆ ಬ್ಯಾಂಕು ಯಾಕೆ ಜಾಮೀನು ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಕೆಲವರು ಕೇಳಿಕೊಳ್ಳುವುದಿಲ್ಲ, ಕೆಲವರು ಬೇಕೆಂದೇ ಕೇಳಿಕೊಳ್ಳುವುದಿಲ್ಲ.

ಈಗ ಇಮೇಲಿಗೆ ಬರೋಣ. ಸೌರ ವಿದ್ಯುತ್ ನಿಗಮ ಸೆಕಿಗೆ ಬ್ಯಾಟರಿ ಯೋಜನೆಯ ಟೆಂಡರಿನಲ್ಲಿ ಸಲ್ಲಿಕೆಯಾದ 68.2 ಕೋಟಿಯ ಗ್ಯಾರಂಟಿಯನ್ನೇ ನೋಡಿ. 2025ರ ಆಗಸ್ಟಿನಲ್ಲಿ ಜಾರಿ ನಿರ್ದೇಶನಾಲಯ ವಿವರಿಸಿದಂತೆ, ಸ್ಟೇಟ್ ಬ್ಯಾಂಕಿನ ಹೆಸರಿನ ಇಮೇಲ್‌ಗಳು ಬಂದ ವಿಳಾಸದಲ್ಲಿ ‘ಎಸ್’ ಅಕ್ಷರ ಆದ ಮೇಲೆ ಒಂದು ಅಡ್ಡಗೀಟು ಇತ್ತು. ಅಷ್ಟೇ ವ್ಯತ್ಯಾಸ. ಇಂಥ ಪತ್ರವನ್ನು ಇಮೇಲ್ ವ್ಯವಸ್ಥೆ ಹಿಡಿದುಹಾಕಬೇಕಿತ್ತಲ್ಲ ಎನಿಸಬಹುದು. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ತಪಾಸಣೆಗಳಿರುವುದು ನಿಜ. ಆದರೆ ಅವು ಕೇಳುವ ಪ್ರಶ್ನೆ ಬೇರೆ: ಈ ಪತ್ರ ಈ ಡೊಮೈನಿನ (ವಿಳಾಸದಲ್ಲಿ @ ಆದ ಮೇಲಿನ ಭಾಗದ) ಒಡೆಯ ಒಪ್ಪಿದ ಸರ್ವರಿನಿಂದಲೇ ಬಂತೇ? ಅಡ್ಡಗೀಟಿನ ಡೊಮೈನಿಗೆ ಒಡೆಯ ಮೋಸಗಾರನೇ. ಅವನು ಎಲ್ಲವನ್ನೂ ಸರಿಯಾಗಿ ಹೊಂದಿಸಿಕೊಂಡಿದ್ದರೆ ಮೂರೂ ತಪಾಸಣೆಯಲ್ಲಿ ಪಾಸು. ಒಡೆಯ ಬ್ಯಾಂಕೇ ಹೌದೋ ಅಲ್ಲವೋ ಎಂದು ಆ ಯಂತ್ರ ಕೇಳುವುದೇ ಇಲ್ಲ. ಇನ್ನು ಮೊಬೈಲಿನಲ್ಲಿ ಓದುವವರಿಗೆ ವಿಳಾಸವೇ ಕಾಣದು, ಕಳಿಸಿದವನು ತಾನೇ ಇಟ್ಟುಕೊಂಡ ಹೆಸರು ಮಾತ್ರ ಕಾಣುತ್ತದೆ.

ಗ್ಯಾರಂಟಿಯ ಅಡಿಯಲ್ಲಿ ‘ದೃಢೀಕರಣಕ್ಕೆ ಸಂಪರ್ಕಿಸಿ’ ಎಂದು ಅಚ್ಚಾದ ಫೋನ್, ಇಮೇಲ್ ಬಳಸಿದರೆ ಕಳ್ಳನ ಮನೆಗೇ ಹೋಗಿ ಕಳ್ಳನ ವಿಳಾಸ ಕೇಳಿದಂತೆ. ಅಸಲಿ ಶಾಖೆಗೆ ಫೋನ್ ಮಾಡಿದರೂ ಪ್ರಶ್ನೆ ಸರಿಯಿರಬೇಕು. ‘ಈ ನಂಬರಿನ ಗ್ಯಾರಂಟಿ ನಿಮ್ಮದೇ?’ ಎಂದರೆ ‘ಹೌದು’ ಎಂಬ ಉತ್ತರ ಬರಬಹುದು. 5 ಲಕ್ಷದ ಅಸಲಿಯನ್ನು 50 ಲಕ್ಷವಾಗಿ ತಿದ್ದಿದ್ದರೂ ನಂಬರು ಅಸಲಿಯೇ ತಾನೆ. ಮೊತ್ತ, ಯಾರ ಹೆಸರಿಗೆ, ಅವಧಿ, ಕ್ಲೇಮಿನ ಕೊನೆಯ ದಿನ ಇವನ್ನು ಅವರ ಬಾಯಿಂದಲೇ ಹೇಳಿಸಬೇಕು. ನಾವು ಓದಿ ಹೇಳಿ ಹೂಂಗುಟ್ಟಿಸಿಕೊಳ್ಳುವುದಲ್ಲ.

ಇದಕ್ಕಿಂತ ಗಟ್ಟಿ ದಾರಿ ಎಸ್‌ಎಫ್‌ಎಂಎಸ್. ಬ್ಯಾಂಕುಗಳು ತಮ್ಮತಮ್ಮಲ್ಲೇ ಸಂದೇಶ ಕಳಿಸಿಕೊಳ್ಳಲು 2001ರಿಂದ ಇರುವ ಒಳಜಾಲ ಇದು, ಹೊರಗಿನವರಿಗೆ ಪ್ರವೇಶವಿಲ್ಲ. ಗ್ಯಾರಂಟಿ ಕೊಟ್ಟ ಬ್ಯಾಂಕು ಐಎಫ್‌ಎನ್ 760 ಕವರ್ ಎಂಬ ಸಂದೇಶವನ್ನು ಫಲಾನುಭವಿಯ, ಅಂದರೆ ಗ್ಯಾರಂಟಿ ಪಡೆದ ಇಲಾಖೆಯ, ಬ್ಯಾಂಕಿಗೆ ಕಳಿಸುತ್ತದೆ. ಇಲಾಖೆ ಮಾಡಬೇಕಾದ್ದು ಇಷ್ಟೆ: ತನ್ನ ಖಾತೆಯಿರುವ ಶಾಖೆಯ ಐಎಫ್‌ಎಸ್‌ಸಿ ಕೋಡನ್ನು ಟೆಂಡರಿನಲ್ಲೇ ಅಚ್ಚು ಹಾಕಿಸುವುದು, ಕಾಗದ ಕೈಗೆ ಬಂದ ಮೇಲೆ ತನ್ನದೇ ಬ್ಯಾಂಕನ್ನು ‘760 ಬಂತೇ?’ ಎಂದು ಕೇಳುವುದು, ಬರುವ ತನಕ ಮುಂಗಡ ಬಿಡುಗಡೆ ಮಾಡದಿರುವುದು. ಇಲ್ಲಿ ದಾರಿ ಆರಿಸುವವರು ಕೇಳುವವರು, ಕಾಗದ ತಂದವರಲ್ಲ.

ಇದೂ ಎಡವುತ್ತದೆ, ಹೆಚ್ಚಾಗಿ ಮನುಷ್ಯರ ಕಡೆಯಿಂದ. ಕೋಡು ತಪ್ಪಾಗಿ ಸಂದೇಶ ಬೇರೆ ಶಾಖೆಗೆ ಹೋಗುತ್ತದೆ. ಬಂದ ಸಂದೇಶವನ್ನು ಬ್ಯಾಂಕಿನವರು ಇಲಾಖೆಗೆ ತಿಳಿಸುವುದಿಲ್ಲ, ಇಲಾಖೆಯವರು ಕೇಳುವುದಿಲ್ಲ. ‘ಸರ್ವರ್ ತೊಂದರೆ, ಸಂದೇಶ ನಾಳೆ ಬರುತ್ತದೆ’ ಎಂಬ ಗುತ್ತಿಗೆದಾರನ ಮಾತಿಗೆ ಫೈಲು ಮುಂದೆ ಹೋಗುತ್ತದೆ. ಎಲ್ಲರೂ ಮರೆಯುವುದು ಅವಧಿ ವಿಸ್ತರಣೆಯನ್ನು. ಮೊದಲ ಗ್ಯಾರಂಟಿ ಅಸಲಿ, ವರ್ಷದ ನಂತರದ ವಿಸ್ತರಣಾ ಪತ್ರ ನಕಲಿ. ತಿದ್ದುಪಡಿಗೆ 767 ಎಂಬ ಪ್ರತ್ಯೇಕ ಸಂದೇಶವಿದೆ. ಅದನ್ನೂ ಅಷ್ಟೇ ಹಟದಿಂದ ಕೇಳಬೇಕು.

ಒಳಗಿನವರೇ ಕೈಜೋಡಿಸಿದರೆ? 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರೇಡಿ ಹೌಸ್ ಶಾಖೆಯ ಹಗರಣದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದೇಶವಿದೇಶದ ಬ್ಯಾಂಕುಗಳ ನಡುವಿನ ಸಂದೇಶಜಾಲ ಸ್ವಿಫ್ಟ್. ಅದರ ಸಂದೇಶಗಳೆಲ್ಲ ಅಸಲಿ ಜಾಲದಲ್ಲೇ ಹೋಗಿದ್ದವು, ಬ್ಯಾಂಕಿನ ಲೆಕ್ಕದ ತಂತ್ರಾಂಶದಲ್ಲಿ ಮಾತ್ರ ನಮೂದಾಗಿರಲಿಲ್ಲ. ಎರಡನ್ನೂ ಬೆಸೆಯಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿದ್ದು ಆಮೇಲೆ.

ಕಾಗದವನ್ನೇ ತೆಗೆದುಹಾಕುವ ಪ್ರಯತ್ನವೂ ನಡೆದಿದೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ನೆಸ್ಲ್ (ನ್ಯಾಷನಲ್ ಇ-ಗವರ್ನೆನ್ಸ್ ಸರ್ವಿಸಸ್) ಸಂಸ್ಥೆಯ ಮೂಲಕ 2022ರಿಂದ ಇ-ಬ್ಯಾಂಕ್ ಗ್ಯಾರಂಟಿ ಸಿಗುತ್ತಿದೆ. ಇ-ಸ್ಟಾಂಪು, ಡಿಜಿಟಲ್ ಸಹಿ ಎಲ್ಲ ಅಲ್ಲೇ. ಫಲಾನುಭವಿ ತಾನೇ ಲಾಗಿನ್ ಆಗಿ ನೋಡುತ್ತಾನೆ. ದಾಖಲೆಯ ಒಂದು ಅಂಕಿ ಬದಲಾದರೂ ಡಿಜಿಟಲ್ ಸಹಿ ತಾಳೆಯಾಗದು. ಡೊಮೈನಿನ ತೊಂದರೆಗೆ ರಿಸರ್ವ್ ಬ್ಯಾಂಕ್ ಬೇರೆ ಮದ್ದು ಕೊಟ್ಟಿದೆ: ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಬಾಲ. ಬ್ಯಾಂಕುಗಳಿಗೆ ಮಾತ್ರ ಸಿಗುವ ಈ ವಿಳಾಸಕ್ಕೆ ಬದಲಾಗಲು ಕೊಟ್ಟ ಗಡುವು 2025ರ ಅಕ್ಟೋಬರ್ 31. ಅಡ್ಡಗೀಟನ್ನು ಹುಡುಕುವುದಕ್ಕಿಂತ ವಿಳಾಸದ ಕೊನೆಯನ್ನು ಓದುವುದು ಸುಲಭ. ಆದರೆ ಕಟ್ಟಕಡೆಯನ್ನೇ ಓದಬೇಕು. ‘ಬ್ಯಾಂಕ್ ಡಾಟ್ ಇನ್’ ಆದ ಮೇಲೆ ಇನ್ನೊಂದು ಡಾಟ್, ಇನ್ನೊಂದು ಹೆಸರು ಇದ್ದರೆ ಅದು ಬೇರೆಯವರದ್ದು.

ವಿದೇಶಿ ಬ್ಯಾಂಕಿನ ಗ್ಯಾರಂಟಿಯನ್ನು ‘ಲೀಸಿಗೆ’ ಕೊಡುತ್ತೇವೆ, ಅದನ್ನಿಟ್ಟು ಸಾಲ ಎತ್ತಿಕೊಳ್ಳಿ ಎಂಬ ಲಿಂಕ್ಡ್‌ಇನ್, ವಾಟ್ಸ್‌ಆ್ಯಪ್ ಆಹ್ವಾನಗಳಿಗೆ ಹೆಚ್ಚು ಮಾತು ಬೇಡ. ಗ್ಯಾರಂಟಿ ಎಂಬುದು ಒಂದು ನಿರ್ದಿಷ್ಟ ವ್ಯವಹಾರಕ್ಕೆ ಅಂಟಿಕೊಂಡ ಜಾಮೀನು, ಬಾಡಿಗೆ ಸೈಕಲ್ಲಲ್ಲ. ಸ್ವಿಫ್ಟಿನ ಎಂಟಿ 799 ಎಂಬ ಸಂದೇಶದ ಪ್ರತಿ ತೋರಿಸಿ ‘ಸ್ವಿಫ್ಟ್ ಶುಲ್ಕ’ ಕೇಳುತ್ತಾರೆ. 799 ಬರೀ ಪತ್ರ. ಗ್ಯಾರಂಟಿ ಹೊರಡಿಸುವುದು 760. ಪ್ರತಿಯಂತೂ ಪುರಾವೆಯೇ ಅಲ್ಲ.

ದಲ್ಲಾಳಿಗೆ ಹಣ ಕೊಟ್ಟಾಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಇಲಾಖೆಯ ಕೈಗೆ ನಕಲಿ ಸಿಕ್ಕರೆ ‘ತಪ್ಪಾಗಿದೆ, ಬದಲಿ ಕೊಡುತ್ತೇವೆ’ ಎಂದವರಿಗೆ ಮೂಲಪ್ರತಿ ಮರಳಿಸಬಾರದು. ಬಂದ ಲಕೋಟೆ, ಕೊರಿಯರ್ ಚೀಟಿ ಇರಲಿ. ಇಮೇಲನ್ನು ಫಾರ್ವರ್ಡ್ ಮಾಡಿದರೆ ಅದು ಯಾವ ಸರ್ವರಿನಿಂದ ಬಂತೆಂಬ ಹೆಡರ್ ಕಳಚಿಹೋಗುತ್ತದೆ. ಆದ್ದರಿಂದ ಮೂಲ ಕಡತವನ್ನೇ ಡೌನ್‌ಲೋಡ್ ಮಾಡಿ ಪೊಲೀಸರಿಗೆ ಕೊಡಬೇಕು.