ಬ್ಯಾನ್‌ಶೀಯ ಬಾಚಣಿಗೆ

ದಾರಿಯಲ್ಲಿ ಬಿದ್ದ ಬಾಚಣಿಗೆಯನ್ನು ಮುಟ್ಟಬೇಡಿ ಎಂದು ಐರ್ಲೆಂಡಿನ ಹಳ್ಳಿಗಳಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ಅದು ಬ್ಯಾನ್‌ಶೀಯದಾಗಿದ್ದರೆ? ಅಲ್ಲಿನ ಜನಪದ ಕಥೆಗಳಲ್ಲಿ ಸಾವಿಗೆ ಮುನ್ನ ಕೂದಲು ಬಾಚುತ್ತ ಅಳುವ ಹೆಣ್ಣು ಅವಳು. ಹಾಗೆ ಎತ್ತಿಕೊಂಡು ಬಂದವನೊಬ್ಬನ ಕಿಟಕಿಯಾಚೆ ರಾತ್ರಿ ಗೋಳು ಎದ್ದಿತಂತೆ. ಒಲೆಯ ಇಕ್ಕಳದಲ್ಲಿ ಬಾಚಣಿಗೆ ಹಿಡಿದು ಹೊರಗೆ ಚಾಚಿದರು. ಬಾಚಣಿಗೆ ಹೋಯಿತು, ಕಬ್ಬಿಣದ ಇಕ್ಕಳ ತಿರುಚಿಕೊಂಡು ಒಳಗೆ ಬಂತು. ಚಾಚಿದ್ದು ಕೈಯಾಗಿದ್ದರೆ ಏನಾಗುತ್ತಿತ್ತು ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡ ಜನಪದ ಸಂಗ್ರಹದಲ್ಲಿ ಬ್ಯಾನ್‌ಶೀಯ ಕಥೆಗಳೂ ಇವೆ. ಐರಿಶ್ ಭಾಷೆಯಲ್ಲಿ ‘ಬ್ಯಾನ್’ ಎಂದರೆ ಹೆಂಗಸು, ‘ಶೀ’ ಎಂದರೆ ಯಕ್ಷಿಣಿಯರಂಥವರು ನೆಲೆಸಿರುವ ದಿಬ್ಬ. ಈಗಿನ ಸಿನಿಮಾಗಳಲ್ಲಿ ಅವಳನ್ನು ಕೊಲ್ಲುವ ಪಿಶಾಚಿಯಾಗಿಸಿದ್ದಾರೆ. ಇದು ಅನ್ಯಾಯ. ಅವಳು ಯಾರನ್ನೂ ಕೊಲ್ಲುವುದಿಲ್ಲ. ಹೆಸರಿನ ಮೊದಲು ಓ, ಮ್ಯಾಕ್ ಎಂದಿರುವ ಹಳೆಯ ಮನೆತನಗಳಲ್ಲಿ ಸಾವು ಹತ್ತಿರವಾದಾಗ ಮುಂಚಿತವಾಗಿ ಅಳುತ್ತಾಳೆ, ಅಷ್ಟೆ.

ಆ ದನಿ ಯಾರದು? ಕಣಜಗೂಬೆಯ ಮೇಲೆ ನನ್ನ ಗುಮಾನಿ. ಪಾಳುಬಿದ್ದ ಕೋಟೆ, ಚರ್ಚಿನ ಗೋಪುರಗಳಲ್ಲಿ ಗೂಡು ಮಾಡುವ ಈ ಹಕ್ಕಿಗೆ ಐರಿಶ್ ಭಾಷೆಯಲ್ಲಿ ‘ಸ್ಮಶಾನದ ಚೀರುಹಕ್ಕಿ’ ಎಂಬ ಅರ್ಥದ ಹೆಸರೇ ಇದೆ. ಅದು ಗೂಕ್ ಎನ್ನುವುದಿಲ್ಲ, ಗಂಟಲು ಸೀಳುವಂತೆ ಕಿರುಚುತ್ತದೆ. ರೆಕ್ಕೆಯ ಮುಂಚೂಣಿ ಗರಿಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಸಾಲು ಇರುವುದರಿಂದ ಹಾರಾಟದ ಸದ್ದೇ ಕೇಳಿಸದು. ಕತ್ತಲಲ್ಲಿ ಬಿಳಿ ಮುಖವೊಂದು ಸದ್ದಿಲ್ಲದೆ ಸುಳಿದು ಚೀರಿದರೆ ಎದೆ ಝಲ್ಲೆನ್ನದೆ ಇರುತ್ತದೆಯೇ? ಅದರ ಮೇಲೆ, ನಡುರಾತ್ರಿ ಎಚ್ಚರವಾಗಿ ಕುಳಿತಿರುವವರು ಯಾರು? ಕಾಯಿಲೆಯವರ ತಲೆದೆಸೆಯಲ್ಲಿ ಇರುವವರು. ಸಾವು ಬಂದ ರಾತ್ರಿಯ ಕೂಗು ಮನಸ್ಸಿನಲ್ಲಿ ಉಳಿಯುತ್ತದೆ, ಉಳಿದ ನೂರು ರಾತ್ರಿಗಳದ್ದು ಮರೆತುಹೋಗುತ್ತದೆ.

ಆದರೆ ಗೂಬೆ ದನಿಯನ್ನು ಕೊಡಬಲ್ಲದು, ದುಃಖವನ್ನಲ್ಲ. ಆ ನಾಡಿನಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ತಲೆಗೂದಲು ಕೆದರಿಕೊಂಡು, ಸತ್ತವರ ಹೆಸರು ಹಿಡಿದು ಹಾಡಿಕೊಂಡು ಅಳುತ್ತಿದ್ದರು. ಚರ್ಚು 17ನೇ ಶತಮಾನದಿಂದಲೂ ಮತ್ತೆ ಮತ್ತೆ ನಿಷೇಧಿಸಿದರೂ ಆ ಪದ್ಧತಿ ಬಹುಕಾಲ ಉಳಿಯಿತು. ಕೂದಲು ಬಿಚ್ಚಿಕೊಂಡು ಬಾಚುತ್ತ ಅಳುವ ಬ್ಯಾನ್‌ಶೀಯಲ್ಲಿ ನನಗೆ ಕಾಣುವುದು ಅವರೇ.

ಅಮೆರಿಕಕ್ಕೆ ವಲಸೆ ಹೋದವರು ಅಲ್ಲಿ ಸತ್ತರೂ ಅವಳು ಅಳುತ್ತಿದ್ದುದು ಹುಟ್ಟಿದ ಮನೆಯ ಬಳಿಯೇ. ಕಾಗದ ಹಡಗಿನಲ್ಲಿ ಬರುವ ಮೊದಲೇ ತಾಯಿಗೆ ವಿಷಯ ತಿಳಿದಿರುತ್ತಿತ್ತು ಎನ್ನುತ್ತಾರೆ.