ಮೈಸೂರು ಜೈಲಿನೊಳಗೆ ಬಣ್ಣ ಹಚ್ಚಿದ ಬಗೆ

ಜೈಲಿನಲ್ಲಿ ಚಿತ್ರ ಬರೆಸುತ್ತಾರೆ, ನಾಟಕ ಆಡಿಸುತ್ತಾರೆ ಅಂದರೆ ಜನ ಎರಡು ಮಾತಾಡುತ್ತಾರೆ. ಕೊಲೆ ಮಾಡಿದವರಿಗೆ ಚಪ್ಪಾಳೆ ಯಾಕೆ ಅನ್ನೋದು ಒಂದು. ಮನಸ್ಸು ಸರಿಹೋಗದೆ ಹಾಗೇ ಹೊರಗೆ ಬಿಟ್ಟರೆ ಯಾರಿಗೆ ಒಳ್ಳೆಯದು ಅನ್ನೋದು ಇನ್ನೊಂದು. ನಡುವೆ ಕಾಯ್ದೆ, ಕೈಪಿಡಿ, ಸಮಿತಿ ವರದಿಗಳು ಸೇರಿ ವಿಷಯ ಗೋಜಲಾಗಿದೆ.

1894ರ ಕಾರಾಗೃಹ ಕಾಯ್ದೆಗೆ ಕೈದಿಯನ್ನು ಕೂಡಿಹಾಕುವುದು, ದುಡಿಸುವುದು, ತಪ್ಪಿದರೆ ಚಾಟಿ ಬೀಸುವುದು ಗೊತ್ತಿತ್ತು. 1919-20ರ ಜೈಲು ಸಮಿತಿ ಕೈದಿಯನ್ನು ತಿದ್ದುವುದೂ ಜೈಲಿನ ಕೆಲಸ ಅಂದಿತು. 1980ರಿಂದ 83ರವರೆಗಿನ ನ್ಯಾಯಮೂರ್ತಿ ಮುಲ್ಲಾ ಸಮಿತಿ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿತು. ಮಗ್ಗ, ಮರಗೆಲಸ ಒಳಗೆ ಬಂದವು. ಹಾಡು, ನಾಟಕ ಮಾತ್ರ ಹೆಚ್ಚಾಗಿ ಗಾಂಧಿ ಜಯಂತಿಯಂಥ ದಿನಗಳಿಗೇ ಮೀಸಲಾದವು.

ಮೈಸೂರಿನಲ್ಲಿ ಇದನ್ನು ಬದಲಿಸಿದ್ದು ರಂಗಭೂಮಿ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ ಬೆಳೆದ ನಟ ಹುಲುಗಪ್ಪ ಕಟ್ಟೀಮನಿ, 1990ರ ದಶಕದ ಕೊನೆಯ ಹೊತ್ತಿಗೆ ಜೈಲುಗಳ ಕಡೆ ತಿರುಗಿದರು. ‘ಸಂಕಲ್ಪ’ ತಂಡದ ಮೂಲಕ ಕೈದಿಗಳಿಗೆ ನಾಟಕ ಕಲಿಸಿದರು. ಅವರು ಆರಿಸಿಕೊಂಡಿದ್ದು ನಗಿಸಿ ಕಳಿಸುವ ಸಣ್ಣ ಪ್ರಹಸನಗಳನ್ನಲ್ಲ. ಎಚ್.ಎಸ್. ಶಿವಪ್ರಕಾಶರು ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ನಮ್ಮ ನೆಲಕ್ಕೆ ತಂದ ‘ಮಾರನಾಯಕನ ದೃಷ್ಟಾಂತ’ವನ್ನೇ ಆಡಿಸಿದರು.

ಈ ಆಯ್ಕೆಯ ಬಗ್ಗೆ ಸ್ವಲ್ಪ ಯೋಚಿಸಬೇಕು. ಅದು ಅಧಿಕಾರದ ಆಸೆಗೆ ಕೊಲೆ ಮಾಡಿ, ಆಮೇಲೆ ನಿದ್ದೆ ಕಳೆದುಕೊಂಡವನ ಕಥೆ. ಜೀವಾವಧಿ ಶಿಕ್ಷೆಯಾದವನೊಬ್ಬ ಆ ಪಾತ್ರಕ್ಕೆ ನಿಂತರೆ ಏನಾಗಬಹುದು? ಕೋರ್ಟಿನಲ್ಲಿ ಅವನ ಪರವಾಗಿ ಮಾತಾಡಿದ್ದು ವಕೀಲರು. ಬ್ಯಾರಕ್ಕಿನಲ್ಲಿ ಯಾರೂ ಕೊಲೆ ನಡೆದ ರಾತ್ರಿಯ ಮಾತೆತ್ತುವುದಿಲ್ಲ. ಇಲ್ಲಿ ಮಾತ್ರ, ಬೇರೊಬ್ಬನ ಹೆಸರಿನಲ್ಲಿ, ಅವನೇ ಗಟ್ಟಿಯಾಗಿ ಹೇಳಬೇಕು. ನಾಳೆ ಮತ್ತೆ ಹೇಳಬೇಕು. ಎದುರಿಗಿರುವವನು ಸಾಯುವ ಪಾತ್ರ ಮಾಡುತ್ತಾನೆ. ಅವನ ಕಣ್ಣು ನೋಡದೆ ಮಾತು ಒಪ್ಪಿಸಿದರೆ ನಿರ್ದೇಶಕರು ಮತ್ತೆ ಮೊದಲಿಂದ ಮಾಡಿಸುತ್ತಾರೆ. ಮನಸ್ಸಿಗೆ ಮದ್ದಾಗುವುದು ಈ ತಾಲೀಮು, ಪ್ರದರ್ಶನದ ಸಂಜೆಯಲ್ಲ. ತನ್ನ ಸರದಿಗೆ ಕಾಯೋದು, ಇನ್ನೊಬ್ಬ ಮಾತು ಮರೆತರೆ ಎತ್ತಿಕೊಡೋದು, ಬೈಸಿಕೊಂಡರೂ ಕೈ ಎತ್ತದೆ ಇರೋದು ಎಲ್ಲವನ್ನೂ ಅವನು ಕಲಿಯುವುದು ಅಲ್ಲೇ.

ಪೊಲೀಸ್ ಕಾವಲಿನಲ್ಲಿ ಈ ನಾಟಕಗಳು ಗೋಡೆಯಾಚೆಯ ರಂಗಮಂದಿರಗಳಿಗೂ ಬಂದವು. ಊರಿನವರು ಟಿಕೆಟ್ಟಿನ ನಾಟಕ ನೋಡಿದ ಹಾಗೇ ಕೂತು ನೋಡಿದರು.

ಚಿತ್ರಕಲೆಗೆ ಇಂಥ ಬಲ ಸಿಗಲಿಲ್ಲ. ಕಾವಾದಂಥ ಕಲಾಶಾಲೆ, ಮೈಸೂರು ಶೈಲಿಯ ಚಿತ್ರ ಬರೆಯುವ ಮನೆತನಗಳು ಇರುವ ಊರಿದು. ಆದರೂ ಅಡಚಣೆ ಜಾಸ್ತಿ. ಕತ್ತರಿ, ಬಣ್ಣ ತೆಳುವಾಗಿಸುವ ಟರ್ಪೆಂಟೈನ್ ಒಳಗೆ ಹೋಗಬೇಕೆಂದರೆ ಭದ್ರತೆಯ ಪ್ರಶ್ನೆ ಏಳುತ್ತದೆ. ಚಿನ್ನದ ರೇಕಿನ ಕೆಲಸಕ್ಕೆ ಬೇಕಾದ ತಾಳ್ಮೆ, ದೀರ್ಘ ಶಿಕ್ಷೆಯ ಕೈದಿಗೆ ಎಷ್ಟು ಒಗ್ಗುತ್ತಿತ್ತು, ಅಲ್ವಾ? ಬ್ರಿಟನ್ನಿನಲ್ಲಿ ಲೇಖಕ ಆರ್ಥರ್ ಕೋಸ್ಲರ್ 1962ರಲ್ಲೇ ಕೈದಿಗಳ ಕಲೆಗೆ ಪ್ರಶಸ್ತಿ ಶುರು ಮಾಡಿದ್ದರು. ಅಮೆರಿಕದ ಫ್ಲಾರಿಡಾ ಜೈಲುಗಳಲ್ಲಿ ಕಲಾ ಚಿಕಿತ್ಸಕ ಡೇವಿಡ್ ಗುಸಾಕ್ ನಡೆಸಿದ ಅಧ್ಯಯನಗಳಲ್ಲಿ, ಚಿತ್ರ ಬರೆದವರ ಖಿನ್ನತೆ ಇಳಿದದ್ದು ಕಂಡಿತು.

ಇನ್ನೊಂದು ಕಡೆಯ ನೋವೂ ಇದೆ. ಮಗನನ್ನು ಕಳೆದುಕೊಂಡ ತಾಯಿಗೆ ಪತ್ರಿಕೆಯಲ್ಲಿ ಅವನನ್ನು ಕೊಂದವನ ನಾಟಕದ ಫೋಟೊ ಕಂಡರೆ ಹೇಗಾಗಬೇಡ? ಆ ಸಿಟ್ಟು ಸುಮ್ನೆ ಬಂದದ್ದಲ್ಲ. ಅದಕ್ಕೇ ಪ್ರಚಾರ ಕಡಿಮೆ ಮಾಡಿ ತಾಲೀಮು ಜಾಸ್ತಿ ಮಾಡುವುದು ಒಳ್ಳೆಯದು ಅನಿಸುತ್ತದೆ.

ಈಗಿನ ತೊಡಕು ಬೇರೆ. ದೇಶದ ಕೈದಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ಮಂಡ್ಯದಂಥ ಜಿಲ್ಲಾ ಕಾರಾಗೃಹಗಳಲ್ಲಿ ಇರುವವರು ಬಹುಪಾಲು ಅವರೇ. ಶಿಕ್ಷೆಯಾದವರಿಗೆ ಕೆಲಸವಾದರೂ ಇರುತ್ತದೆ, ಕೂಲಿ ಬರುತ್ತದೆ. ಇವರಿಗೆ ಬೆಳಗಾದರೆ ಎಣಿಕೆ, ಸಂಜೆ ಎಣಿಕೆ, ನಡುವೆ ಮುಂದಿನ ತಾರೀಖಿನ ಯೋಚನೆ. ಯಾವಾಗ ಜಾಮೀನು ಸಿಗುತ್ತದೋ ತಿಳಿಯದವರನ್ನು ತಿಂಗಳುಗಟ್ಟಲೆಯ ನಾಟಕಕ್ಕೆ ಸೇರಿಸಿಕೊಳ್ಳೋದು ಕಷ್ಟ. ಆದರೆ ಚಿತ್ರಕ್ಕೆ, ಹಾಡಿಗೆ ಆ ತೊಂದರೆ ಇಲ್ಲ.

ಕೇಂದ್ರ ಸರ್ಕಾರದ 2016ರ ಮಾದರಿ ಜೈಲು ಕೈಪಿಡಿ ಸಾಂಸ್ಕೃತಿಕ ಚಟುವಟಿಕೆ ಇರಬೇಕು ಅನ್ನುತ್ತದೆ. 2023ರ ಮಾದರಿ ಕಾಯ್ದೆಯ ಒತ್ತೂ ಸುಧಾರಣೆಯ ಮೇಲೇ ಇದೆ. ಆದರೆ ಕಾರಾಗೃಹ ರಾಜ್ಯದ ವಿಷಯ, ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟದ್ದು. ಆಸಕ್ತಿ ಇರುವ ಅಧಿಕಾರಿ ಬಂದರೆ ತಾಲೀಮು ನಡೆಯುತ್ತದೆ, ಅವರಿಗೆ ವರ್ಗವಾದರೆ ನಿಲ್ಲುತ್ತದೆ. ಜೈಲಿಗೊಬ್ಬ ವೈದ್ಯರು ಬೇಕು ಅನ್ನುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಬರುವ, ಸಂಬಳ ಪಡೆಯುವ ಕಲಾ ಶಿಕ್ಷಕರೊಬ್ಬರು ಬೇಕು ಅನ್ನುವುದೂ ಬಜೆಟ್ಟಿನಲ್ಲಿ ಒಂದು ಸಾಲಾಗಿ ಬರಬೇಕು.